ಪೂಲ್ ಆಟದಲ್ಲಿ ಗುರಿ ಹಿಡಿಯುವಿಕೆ

ಪೂಲ್ ಆಟದಲ್ಲಿ ಗುರಿ ಹಿಡಿಯುವಿಕೆ ಎಂದರೆ, ಮೇಜಿನ ಮೇಲಿರುವ ಚೆಂಡೊಂದನ್ನು ಉದ್ದೇಶಿತ ಪಾಕೆಟ್ಟಿಗೆ ಕಳುಹಿಸಲು ಬಿಳಿ ಚೆಂಡು ಯಾವ ರೇಖೆಯಲ್ಲಿ ಚಲಿಸಬೇಕೆಂದು ನಿರ್ಣಯಿಸಿ, ಕ್ಯೂ ಕೋಲಿನಿಂದ ಅದನ್ನು ಅದೇ ರೇಖೆಯಲ್ಲಿ ಹೊಡೆಯುವ ಕೌಶಲ. ಈ ಲೇಖನದಲ್ಲಿ ಕೋಲಿನಿಂದ ನೇರವಾಗಿ ಹೊಡೆಯಲಾಗುವ ಕ್ಯೂ ಬಾಲ್ ಅನ್ನು ‘ಬಿಳಿ ಚೆಂಡು’ ಎಂದೂ, ಪಾಕೆಟ್ಟಿಗೆ ಹಾಕಬೇಕಾದ ಆಬ್ಜೆಕ್ಟ್ ಬಾಲ್ ಅನ್ನು ‘ಗುರಿಚೆಂಡು’ ಎಂದೂ ಕರೆಯಲಾಗಿದೆ.

ಈ ಕೌಶಲದಲ್ಲಿ ಎರಡು ಭಾಗಗಳಿವೆ. ಸರಿಯಾದ ರೇಖೆಯನ್ನು ಕಂಡುಕೊಳ್ಳುವುದು ಕಣ್ಣಿನ ಮತ್ತು ಬುದ್ಧಿಯ ಕೆಲಸ. ಕೋಲನ್ನು ಆ ರೇಖೆಯಿಂದ ಕದಲಿಸದೆ ನಡೆಸುವುದು ದೇಹದ ಮತ್ತು ಕೈಯ ಕೆಲಸ. ಚೆಂಡು ಪಾಕೆಟ್ ತಪ್ಪಿದಾಗ ಹೊಸ ಆಟಗಾರರು ಸಾಮಾನ್ಯವಾಗಿ ಮೊದಲನೆಯದನ್ನೇ ದೂರುತ್ತಾರೆ. ವಾಸ್ತವದಲ್ಲಿ ಹಲವು ವೇಳೆ ರೇಖೆ ಸರಿಯಾಗಿಯೇ ಇದ್ದು, ಹೊಡೆತ ಮಾತ್ರ ಓರೆಯಾಗಿರುತ್ತದೆ. ಇವೆರಡನ್ನೂ ಬೇರ್ಪಡಿಸಿ ನೋಡದೆ ಮಾಡುವ ಅಭ್ಯಾಸದಿಂದ ಹೆಚ್ಚಿನ ಪ್ರಯೋಜನವಾಗುವುದಿಲ್ಲ.

ಮೇಜು ಮತ್ತು ಚೆಂಡುಗಳ ಅಳತೆ

ಸ್ಪರ್ಧೆಗಳಲ್ಲಿ ಬಳಸುವ 9 ಅಡಿಯ ಪೂಲ್ ಮೇಜಿನ ಆಟದ ಅಂಗಳ 254 ಸೆಂ.ಮೀ. ಉದ್ದ, 127 ಸೆಂ.ಮೀ. ಅಗಲವಿರುತ್ತದೆ. ಚೆಂಡಿನ ವ್ಯಾಸ 57.15 ಮಿ.ಮೀ., ಅಂದರೆ ಎರಡೂಕಾಲು ಅಂಗುಲ. ತೂಕ 156ರಿಂದ 170 ಗ್ರಾಂ. ಮೂಲೆಯ ಪಾಕೆಟ್ಟಿನ ಬಾಯಿ 11.43 ಸೆಂ.ಮೀ.ಗಳಷ್ಟಿದ್ದರೆ ಅದು ಚೆಂಡಿನ ವ್ಯಾಸಕ್ಕೆ ಸರಿಯಾಗಿ ಎರಡರಷ್ಟಾಗುತ್ತದೆ. ನಡುವಿನ ಪಾಕೆಟ್ಟುಗಳ ಬಾಯಿ ಇದಕ್ಕಿಂತ ತುಸು ಅಗಲ. ಕ್ಯೂ ಕೋಲು ಸಾಮಾನ್ಯವಾಗಿ 147 ಸೆಂ.ಮೀ. ಉದ್ದವಿದ್ದು, ಅದರ ತುದಿಯಲ್ಲಿ ಚರ್ಮದ ಟಿಪ್ ಇರುತ್ತದೆ. ಟಿಪ್ ಚೆಂಡಿನ ಮೇಲೆ ಜಾರದಂತೆ ಅದಕ್ಕೆ ಚಾಕ್ ಹಚ್ಚಲಾಗುತ್ತದೆ.

ರೇಖೆಯನ್ನು ಕಂಡುಕೊಳ್ಳುವ ವಿಧಾನಗಳು

ಎರಡು ಚೆಂಡುಗಳು ಡಿಕ್ಕಿಯಾದಾಗ, ಘರ್ಷಣೆಯನ್ನು ಸದ್ಯಕ್ಕೆ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ಗುರಿಚೆಂಡು ಆ ಕ್ಷಣದಲ್ಲಿ ಎರಡೂ ಚೆಂಡುಗಳ ಕೇಂದ್ರಗಳನ್ನು ಸೇರಿಸುವ ರೇಖೆಯಲ್ಲಿಯೇ ಹೊರಡುತ್ತದೆ. ಗುರಿ ಹಿಡಿಯುವ ಎಲ್ಲ ವಿಧಾನಗಳೂ ಈ ಒಂದು ಸಂಗತಿಯನ್ನೇ ಆಧರಿಸಿವೆ. ಬಿಳಿ ಚೆಂಡು ಬರುವ ದಿಕ್ಕಿಗೂ ಗುರಿಚೆಂಡು ಹೋಗಬೇಕಾದ ದಿಕ್ಕಿಗೂ ನಡುವಿನ ಕೋನವನ್ನು ‘ಕಟ್ ಕೋನ’ ಎನ್ನುತ್ತಾರೆ. ಬಿಳಿ ಚೆಂಡು, ಗುರಿಚೆಂಡು ಮತ್ತು ಪಾಕೆಟ್ ಒಂದೇ ಸಾಲಿನಲ್ಲಿದ್ದರೆ ಕಟ್ ಕೋನ ಸೊನ್ನೆ. ಕೋನ 90 ಡಿಗ್ರಿಯನ್ನು ಸಮೀಪಿಸಿದಂತೆ ಬಿಳಿ ಚೆಂಡು ಗುರಿಚೆಂಡಿನ ಅಂಚನ್ನು ಸವರಿಕೊಂಡು ಹೋಗಬೇಕಾಗುತ್ತದೆ.

ಕಲ್ಪಿತ ಚೆಂಡು: ಘೋಸ್ಟ್ ಬಾಲ್ ಎಂದು ಪ್ರಸಿದ್ಧವಾಗಿರುವ ಈ ವಿಧಾನವನ್ನೇ ಆರಂಭಿಕರಿಗೆ ಮೊದಲು ಹೇಳಿಕೊಡುವುದು ರೂಢಿ. ಪಾಕೆಟ್ಟಿನ ನಡುವಿನಿಂದ ಗುರಿಚೆಂಡಿನ ಕೇಂದ್ರದ ಮೂಲಕ ಒಂದು ಗೆರೆಯನ್ನು ಹಿಂದಕ್ಕೆ ಎಳೆದಂತೆ ಭಾವಿಸಿ, ಆ ಗೆರೆಯ ಮೇಲೆ ಗುರಿಚೆಂಡಿಗೆ ಹಿಂದಿನಿಂದ ತಾಗಿಕೊಂಡು ಇನ್ನೊಂದು ಚೆಂಡು ಕುಳಿತಿದೆಯೆಂದು ಕಲ್ಪಿಸಿಕೊಳ್ಳಬೇಕು. ಈ ಕಲ್ಪಿತ ಚೆಂಡಿನ ಕೇಂದ್ರವು ಗುರಿಚೆಂಡಿನ ಕೇಂದ್ರದಿಂದ ಒಂದು ವ್ಯಾಸದಷ್ಟು, ಅಂದರೆ 57.15 ಮಿ.ಮೀ. ದೂರದಲ್ಲಿರುತ್ತದೆ. ಬಿಳಿ ಚೆಂಡಿನ ಕೇಂದ್ರವನ್ನು ಆ ಬಿಂದುವಿನತ್ತ ನಡೆಸಬೇಕು. ವಿಧಾನ ತಾತ್ವಿಕವಾಗಿ ನಿರ್ದೋಷವಾದುದು. ತೊಡಕಿರುವುದು ಕಲ್ಪನೆಯಲ್ಲಿ: ಇಲ್ಲದ ಚೆಂಡಿನ ಕೇಂದ್ರವನ್ನು ಎರಡು ಮೀಟರ್ ದೂರದಿಂದ ಮಿಲಿಮೀಟರುಗಳ ನಿಖರತೆಯಲ್ಲಿ ಕಾಣುವುದು ಬಹುಕಾಲದ ರೂಢಿಯಿಂದ ಮಾತ್ರ ಸಾಧ್ಯ.

ಸ್ಪರ್ಶಬಿಂದು: ಪಾಕೆಟ್ಟಿನಿಂದ ಎಳೆದ ಗೆರೆ ಗುರಿಚೆಂಡಿನ ಹಿಂಬದಿಯನ್ನು ಸಂಧಿಸುವ ಸ್ಥಳವೇ ಸ್ಪರ್ಶಬಿಂದು. ಡಿಕ್ಕಿ ಆಗಬೇಕಾದುದು ಅಲ್ಲಿಯೇ. ಆದರೆ ಬಿಳಿ ಚೆಂಡಿನ ಕೇಂದ್ರವನ್ನು ಆ ಬಿಂದುವಿಗೇ ಗುರಿಯಿಟ್ಟರೆ ಹೊಡೆತ ತಪ್ಪುತ್ತದೆ. ಆರಂಭಿಕರಲ್ಲಿ ಅತ್ಯಂತ ಸಾಮಾನ್ಯವಾದ ಭ್ರಮೆ ಇದು. ಚೆಂಡು ಬಿಂದುವಲ್ಲ, ಗೋಳ. ಅದರ ಕೇಂದ್ರವು ಸ್ಪರ್ಶಬಿಂದುವನ್ನು ಮುಟ್ಟುವ ಮೊದಲೇ ಅದರ ಮೈ ಬೇರೊಂದು ಕಡೆ ತಾಗಿಬಿಟ್ಟಿರುತ್ತದೆ. 30 ಡಿಗ್ರಿಯ ಹೊಡೆತದಲ್ಲಿ ಹೀಗೆ ಗುರಿಯಿಟ್ಟರೆ ಗುರಿಚೆಂಡು ಸುಮಾರು 14.5 ಡಿಗ್ರಿಗಳಷ್ಟು ಮಾತ್ರ ತಿರುಗುತ್ತದೆ. ಪಾಕೆಟ್ ಒಂದು ಮೀಟರ್ ದೂರದಲ್ಲಿದ್ದರೆ ಚೆಂಡು ಕಾಲು ಮೀಟರಿಗಿಂತಲೂ ಹೆಚ್ಚು ಪಕ್ಕಕ್ಕೆ ಹೋಗುತ್ತದೆ. ಇದಕ್ಕೆ ಸರಳ ಪರಿಹಾರವೂ ಉಂಟು. ಬಿಳಿ ಚೆಂಡಿನ ಕಡೆಯಿಂದ ನೋಡಿದಾಗ ಗುರಿಚೆಂಡಿನ ಮಧ್ಯದಿಂದ ಸ್ಪರ್ಶಬಿಂದು ಎಷ್ಟು ಪಕ್ಕಕ್ಕೆ ಕಾಣುತ್ತದೆಯೋ ಅದರ ಎರಡರಷ್ಟು ಪಕ್ಕಕ್ಕೆ ಬಿಳಿ ಚೆಂಡಿನ ಕೇಂದ್ರವನ್ನು ಗುರಿಯಿಟ್ಟರೆ ಸರಿಯಾದ ರೇಖೆ ದೊರೆಯುತ್ತದೆ. ಕಲ್ಪಿತ ಚೆಂಡಿನ ಲೆಕ್ಕವೇ ಇಲ್ಲಿ ಇನ್ನೊಂದು ರೂಪದಲ್ಲಿದೆ.

ಸಮಾಂತರ ರೇಖೆ: ಗುರಿಚೆಂಡಿನಿಂದ ಪಾಕೆಟ್ಟಿಗೆ ಹೋಗುವ ಗೆರೆಗೆ ಸಮಾಂತರವಾಗಿ ಬಿಳಿ ಚೆಂಡಿನ ಕೇಂದ್ರದ ಮೂಲಕ ಒಂದು ಗೆರೆಯನ್ನು ಕಲ್ಪಿಸಿಕೊಂಡರೆ, ಅದು ಬಿಳಿ ಚೆಂಡಿನ ಮುಂಬದಿಯನ್ನು ಸಂಧಿಸುವಲ್ಲಿ ಬಿಳಿ ಚೆಂಡಿನ ಸ್ಪರ್ಶಬಿಂದು ಇರುತ್ತದೆ. ಎರಡು ಚೆಂಡುಗಳ ಸ್ಪರ್ಶಬಿಂದುಗಳನ್ನು ಸೇರಿಸುವ ಗೆರೆಯ ದಿಕ್ಕೇ ಕೋಲಿನ ದಿಕ್ಕು. ಪ್ರೌಢಶಾಲೆಯ ರೇಖಾಗಣಿತ ಬಲ್ಲವರಿಗೆ ಇದರ ಸಾಧನೆ ಕಷ್ಟವಲ್ಲ.

ಭಾಗಾಂಶ: ಬಿಳಿ ಚೆಂಡು ಗುರಿಚೆಂಡಿನ ಎಷ್ಟು ಭಾಗವನ್ನು ಮರೆಮಾಡುವಂತೆ ಹೋಗಿ ತಾಗಬೇಕೆಂಬುದರ ಮೇಲೆ ಹೊಡೆತಗಳನ್ನು ‘ಪೂರ್ಣ ಚೆಂಡು’, ‘ಮುಕ್ಕಾಲು ಚೆಂಡು’, ‘ಅರ್ಧ ಚೆಂಡು’, ‘ಕಾಲು ಚೆಂಡು’ ಎಂದು ವಿಂಗಡಿಸಲಾಗುತ್ತದೆ. ಮುಕ್ಕಾಲು ಚೆಂಡಿನ ಹೊಡೆತದಲ್ಲಿ ಕಟ್ ಕೋನ ಸುಮಾರು 14.5 ಡಿಗ್ರಿ, ಅರ್ಧ ಚೆಂಡಿನಲ್ಲಿ 30 ಡಿಗ್ರಿ, ಕಾಲು ಚೆಂಡಿನಲ್ಲಿ ಸುಮಾರು 48.6 ಡಿಗ್ರಿ. ಇವುಗಳಲ್ಲಿ ಅರ್ಧ ಚೆಂಡಿಗೆ ವಿಶೇಷ ಸ್ಥಾನವಿದೆ. ಆ ಹೊಡೆತದಲ್ಲಿ ಬಿಳಿ ಚೆಂಡಿನ ಕೇಂದ್ರವನ್ನು ಗುರಿಚೆಂಡಿನ ಅಂಚಿಗೆ ನೇರವಾಗಿ ಗುರಿಯಿಡಬೇಕಾಗುತ್ತದೆ. ಅಂಚು ಕಣ್ಣಿಗೆ ಕಾಣುವ ವಸ್ತು, ಕಲ್ಪಿಸಿಕೊಳ್ಳಬೇಕಾದುದಲ್ಲ. ಆದುದರಿಂದ 30 ಡಿಗ್ರಿಯ ಹೊಡೆತವನ್ನು ಮೊದಲು ಕರಗತ ಮಾಡಿಕೊಂಡು, ಉಳಿದವುಗಳನ್ನು ಅದಕ್ಕಿಂತ ‘ದಪ್ಪ’ ಅಥವಾ ‘ತೆಳು’ ಎಂದು ಹೋಲಿಸಿ ಕಲಿಯುವ ಕ್ರಮ ಪ್ರಯೋಜನಕರವಾದುದು. ಭಾಗಾಂಶಗಳ ನಡುವಿನ ಕೋನಗಳಿಗೆ ಹೇಗೂ ಅಂದಾಜು ಬೇಕಾಗುತ್ತದೆ.

ಕುಶನ್ನಿಗೆ ಅಂಟಿಕೊಂಡಿರುವ ಚೆಂಡನ್ನು ಅದೇ ಕುಶನ್ನಿನ ಉದ್ದಕ್ಕೂ ಮೂಲೆಯ ಪಾಕೆಟ್ಟಿಗೆ ಕಳುಹಿಸಬೇಕಾದಾಗ ಕಲ್ಪಿತ ಚೆಂಡೂ ಕುಶನ್ನಿಗೆ ತಾಗಿಕೊಂಡಿರುತ್ತದೆ. ಆದ್ದರಿಂದ ಬಿಳಿ ಚೆಂಡು ಗುರಿಚೆಂಡನ್ನೂ ಕುಶನ್ನನ್ನೂ ಹೆಚ್ಚು ಕಡಿಮೆ ಒಂದೇ ಕ್ಷಣದಲ್ಲಿ ಮುಟ್ಟುವಂತೆ ಗುರಿ ಹಿಡಿಯುತ್ತಾರೆ.

ಸಣ್ಣ ತಪ್ಪು ಹಿಗ್ಗುವ ಬಗೆ

ಪೂಲ್ ಆಟದ ಕಷ್ಟವೆಲ್ಲ ಅಡಗಿರುವುದು ತಪ್ಪು ಹಿಗ್ಗುವ ರೀತಿಯಲ್ಲಿ. ಕಟ್ ಕೋನವಿಲ್ಲದ ನೇರ ಹೊಡೆತವನ್ನೇ ತೆಗೆದುಕೊಳ್ಳಬಹುದು. ಬಿಳಿ ಚೆಂಡು ಗುರಿಚೆಂಡಿನಿಂದ ಒಂದು ಮೀಟರ್ ಹಿಂದೆ, ಪಾಕೆಟ್ ಗುರಿಚೆಂಡಿನಿಂದ ಒಂದು ಮೀಟರ್ ಮುಂದೆ ಇದೆಯೆಂದು ಭಾವಿಸೋಣ. 11.43 ಸೆಂ.ಮೀ. ಬಾಯಿಯ ಪಾಕೆಟ್ಟಿನ ಅಂಚುಗಳನ್ನು ತಾಗದೆ ಚೆಂಡು ಒಳಗೆ ಬೀಳಬೇಕಾದರೆ ಅದರ ಕೇಂದ್ರವು ನಡುಗೆರೆಯಿಂದ ಎರಡೂ ಬದಿಗೆ ಸುಮಾರು 2.86 ಸೆಂ.ಮೀ.ಗಳಷ್ಟು ಮಾತ್ರ ಸರಿಯಬಹುದು. ಒಂದು ಮೀಟರ್ ದೂರದಲ್ಲಿ ಅದು ಸುಮಾರು 1.6 ಡಿಗ್ರಿ. ಗುರಿಚೆಂಡಿನ ದಿಕ್ಕು ಅಷ್ಟು ಬದಲಾಗಲು ಬಿಳಿ ಚೆಂಡು ತಾಗುವ ಸ್ಥಾನ ಕೇವಲ 1.6 ಮಿ.ಮೀ. ಸರಿದರೆ ಸಾಕು. ಬಿಳಿ ಚೆಂಡು ಒಂದು ಮೀಟರ್ ಸಾಗಿ ಬರುವುದರಿಂದ, ಅದು ಹೊರಡುವಾಗಿನ ದಿಕ್ಕಿನ ತಪ್ಪು ಒಂದು ಡಿಗ್ರಿಯ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆಯಿರಬೇಕು ಎಂದಾಯಿತು.

ಇದನ್ನೇ ಕೋಲಿನ ಅಳತೆಯಲ್ಲಿ ಹೇಳಬಹುದು. ಮೇಜಿನ ಮೇಲಿಟ್ಟ ಕೈಯಿಂದ ಕೋಲಿನ ತುದಿಗೆ 25 ಸೆಂ.ಮೀ. ಅಂತರವಿದ್ದರೆ, ಅಷ್ಟು ಕೋನಕ್ಕೆ ತುದಿ ಪಕ್ಕಕ್ಕೆ ಸರಿಯುವುದು 0.4 ಮಿ.ಮೀ. ಇದು ಬರೆಯುವ ಕಾಗದದ ನಾಲ್ಕು ಹಾಳೆಗಳ ದಪ್ಪ. ಪಾಕೆಟ್ಟಿನ ಅಂಚನ್ನು ತಾಗಿಯೂ ಒಳಬೀಳುವ ಚೆಂಡುಗಳು ಉಂಟಾದ್ದರಿಂದ ವಾಸ್ತವದಲ್ಲಿ ಅವಕಾಶ ಸ್ವಲ್ಪ ಹೆಚ್ಚಿದೆ. ಆದರೂ ಕಣ್ಣು ಎಷ್ಟೇ ಚುರುಕಾಗಿದ್ದರೂ ಕೈ ತುಸು ಓರೆಯಾದರೆ ಹೊಡೆತ ಉಳಿಯದೆಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಎರಡೂ ಅಂತರಗಳನ್ನು ಅರ್ಧಕ್ಕೆ ಇಳಿಸಿದರೆ ಅವಕಾಶ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ನುರಿತ ಆಟಗಾರರು ಪ್ರತಿ ಹೊಡೆತದ ಅನಂತರವೂ ಬಿಳಿ ಚೆಂಡನ್ನು ಮುಂದಿನ ಗುರಿಚೆಂಡಿನ ಸಮೀಪಕ್ಕೆ ತಂದು ನಿಲ್ಲಿಸಲು ಇಷ್ಟೊಂದು ಶ್ರಮಪಡುವುದು ಇದೇ ಕಾರಣಕ್ಕೆ. ಅವರ ಆಟ ಸುಲಭವಾಗಿ ಕಾಣುವುದಕ್ಕೆ ಗುರಿಯ ನಿಖರತೆಯಷ್ಟೇ ಕಷ್ಟದ ಗುರಿಗಳನ್ನು ತಪ್ಪಿಸಿಕೊಳ್ಳುವ ಜಾಣ್ಮೆಯೂ ಕಾರಣ. ಕಟ್ ಕೋನ ಹೆಚ್ಚಿದಂತೆ ತಪ್ಪು ಇನ್ನಷ್ಟು ಹಿಗ್ಗುತ್ತದೆ: 60 ಡಿಗ್ರಿಯ ಹೊಡೆತದಲ್ಲಿ ಅದೇ ದೂರದ ನೇರ ಹೊಡೆತಕ್ಕಿಂತ ಸುಮಾರು ಇಮ್ಮಡಿ ನಿಖರತೆ ಬೇಕು.

ನಿಲುವು ಮತ್ತು ಕೈಯ ಚಲನೆ

ರೇಖೆಯನ್ನು ನಿಂತಿರುವಾಗಲೇ ನಿರ್ಧರಿಸಬೇಕೆಂಬುದು ತರಬೇತುದಾರರು ಸಾಮಾನ್ಯವಾಗಿ ಒಪ್ಪುವ ಮಾತು. ಎತ್ತರದಿಂದ ಮೇಜು ನಕ್ಷೆಯಂತೆ ಕಾಣುತ್ತದೆ. ಬಾಗಿದ ಮೇಲೆ ಆ ನೋಟ ಇರುವುದಿಲ್ಲ. ಆಟಗಾರನು ಗುರಿರೇಖೆಯ ಹಿಂದೆ ನಿಂತು, ರೇಖೆಯ ಮೇಲೆಯೇ ಮುಂದಡಿಯಿಟ್ಟು, ತಲೆಯನ್ನು ಅದೇ ರೇಖೆಯಲ್ಲಿ ಕೆಳಗಿಳಿಸಬೇಕು. ಪಕ್ಕದಿಂದ ಬಾಗಿ ಅನಂತರ ಕೋಲನ್ನು ಅತ್ತಿತ್ತ ಹೊಂದಿಸಿಕೊಳ್ಳುವುದು ಬಹಳ ಜನರ ಅಭ್ಯಾಸ. ಆಗ ಕೋಲು ರೇಖೆಗೆ ಬಂದರೂ ದೇಹ ಬರುವುದಿಲ್ಲ. ಹೊಡೆಯುವಾಗ ತೋಳು ಕೋಲನ್ನು ದೇಹದ ಕಡೆಗೆ ಎಳೆಯುತ್ತದೆ. ಬಾಗಿದ ಮೇಲೆ ರೇಖೆ ತಪ್ಪೆನಿಸಿದರೆ ಎದ್ದುನಿಂತು ಮೊದಲಿನಿಂದ ಆರಂಭಿಸುವುದೇ ಉತ್ತಮ.

ಬ್ರಿಜ್ ಎಂದು ಕರೆಯುವ, ಮೇಜಿನ ಮೇಲೆ ಊರಿದ ಕೈ ಅಲುಗಬಾರದು. ಹಿಂದಿನ ಕೈಯ ಹಿಡಿತ ಸಡಿಲವಾಗಿರಬೇಕು. ಬಿಗಿಮುಷ್ಟಿಯಿಂದ ಮಣಿಕಟ್ಟು ತಿರುಚಿ ಕೋಲಿನ ತುದಿ ಪಕ್ಕಕ್ಕೆ ಸರಿಯುತ್ತದೆ. ಮೊಣಕೈಯಿಂದ ಕೆಳಗಿನ ತೋಳು ಗಡಿಯಾರದ ಲೋಲಕದಂತೆ ತೂಗಬೇಕು. ಟಿಪ್ ಚೆಂಡನ್ನು ಮುಟ್ಟುವ ಹೊತ್ತಿಗೆ ಆ ತೋಳು ನೆಲಕ್ಕೆ ಹೆಚ್ಚು ಕಡಿಮೆ ಲಂಬವಾಗಿರುವಂತೆ ಹಿಡಿತದ ಸ್ಥಳವನ್ನು ಆರಿಸಿಕೊಳ್ಳಲಾಗುತ್ತದೆ. ಚೆಂಡನ್ನು ಮುಟ್ಟಿದ ಮೇಲೆಯೂ ಕೋಲು ಅದೇ ರೇಖೆಯಲ್ಲಿ ಸ್ವಲ್ಪ ದೂರ ಮುಂದೆ ಸಾಗಬೇಕು. ಟಿಪ್ ಮತ್ತು ಚೆಂಡಿನ ಸಂಪರ್ಕ ಒಂದೆರಡು ಸಾವಿರಾಂಶ ಸೆಕೆಂಡಿನಷ್ಟು ಮಾತ್ರ ಇರುವುದರಿಂದ, ಅನಂತರದ ಚಲನೆ ಚೆಂಡಿನ ಮೇಲೆ ಯಾವ ಪರಿಣಾಮವನ್ನೂ ಮಾಡಲಾರದು. ಹಾಗಿದ್ದರೂ ಅದಕ್ಕೆ ಮಹತ್ವವಿದೆ. ಮುಂದೆ ಸಾಗುವ ಉದ್ದೇಶವಿಲ್ಲದ ತೋಳು ಸಂಪರ್ಕಕ್ಕೆ ಮೊದಲೇ ಬಿಗಿದುಕೊಳ್ಳುತ್ತದೆ. ಹೊಡೆತದ ಫಲ ನೋಡುವ ಆತುರದಲ್ಲಿ ತಲೆಯೆತ್ತುವುದು ಅನುಭವಿಗಳನ್ನೂ ಬಿಡದ ದೋಷ.

ಕಣ್ಣಿನ ಪಾತ್ರ

ಹೆಚ್ಚಿನವರಲ್ಲಿ ಎರಡು ಕಣ್ಣುಗಳ ಪೈಕಿ ಒಂದು ಪ್ರಬಲವಾಗಿರುತ್ತದೆ. ಕೋಲು ಗಲ್ಲದ ನೇರ ಕೆಳಗಿರಬೇಕೋ ಪ್ರಬಲ ಕಣ್ಣಿನ ಕೆಳಗಿರಬೇಕೋ ಎಂಬುದಕ್ಕೆ ಎಲ್ಲರಿಗೂ ಅನ್ವಯಿಸುವ ಉತ್ತರವಿಲ್ಲ. ಮೇಜಿನ ಮೇಲಿನ ನೇರ ಗೆರೆಯೊಂದರ ಮೇಲೆ ಕೋಲನ್ನಿಟ್ಟು, ತಲೆಯನ್ನು ನಿಧಾನವಾಗಿ ಎಡಬಲಕ್ಕೆ ಸರಿಸುತ್ತ ಹೋದರೆ ಒಂದು ಸ್ಥಾನದಲ್ಲಿ ಕೋಲೂ ಗೆರೆಯೂ ನಿಜವಾಗಿ ಒಂದರ ಮೇಲೊಂದು ನೇರವಾಗಿ ಕಾಣುತ್ತವೆ; ಆ ಆಟಗಾರನಿಗೆ ಅದೇ ಸರಿಯಾದ ಸ್ಥಾನ. 1927ರಿಂದ 1946ರವರೆಗೆ ನಡೆದ ಎಲ್ಲ ವಿಶ್ವ ಸ್ನೂಕರ್ ಚಾಂಪಿಯನ್‌ಷಿಪ್‌ಗಳನ್ನೂ ಗೆದ್ದ ಇಂಗ್ಲೆಂಡಿನ ಜೋ ಡೇವಿಸ್ ಅವರ ಬಲಗಣ್ಣಿನ ದೃಷ್ಟಿ ಮಂದವಾಗಿತ್ತು. ಅವರು ಕೋಲನ್ನು ಎಡಗಣ್ಣಿನ ಕೆಳಗೆ ಹಿಡಿದು ಆಡುತ್ತಿದ್ದರು.

ಹೊಡೆಯುವ ಮುನ್ನ ನೋಟವು ಬಿಳಿ ಚೆಂಡು ಮತ್ತು ಗುರಿಚೆಂಡುಗಳ ನಡುವೆ ಓಡಾಡುತ್ತದೆ. ಕೊನೆಯ ಕ್ಷಣದಲ್ಲಿ ಗುರಿಚೆಂಡಿನ ಮೇಲೆ ದೃಷ್ಟಿ ನೆಟ್ಟಿರಬೇಕೆಂದು ಹೆಚ್ಚಿನ ಶಿಕ್ಷಕರು ಹೇಳುತ್ತಾರೆ. ಕೋಲನ್ನು ಎತ್ತರಿಸಿ ಹೊಡೆಯಬೇಕಾದಾಗ ಕೆಲವರು ಬಿಳಿ ಚೆಂಡನ್ನೇ ನೋಡುತ್ತಾರೆ. ಚಲನೆಗೆ ಮುಂಚಿನ ಈ ಸ್ಥಿರ ನೋಟವನ್ನು ಕ್ರೀಡಾವಿಜ್ಞಾನದಲ್ಲಿ ‘ಕ್ವಯಟ್ ಐ’, ಎಂದರೆ ನಿಶ್ಚಲ ದೃಷ್ಟಿ, ಎಂದು ಕರೆಯಲಾಗುತ್ತದೆ. ಬಿಲಿಯರ್ಡ್ಸ್ ಹೊಡೆತಗಳ ಬಗ್ಗೆ ಮಾರ್ಕ್ ವಿಲಿಯಮ್ಸ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುಶಲ ಆಟಗಾರರ ನಿಶ್ಚಲ ದೃಷ್ಟಿ ಅನನುಭವಿಗಳದಕ್ಕಿಂತ ದೀರ್ಘವಾಗಿರುವುದೂ, ಯಶಸ್ವಿ ಹೊಡೆತಗಳಲ್ಲಿ ಅದು ವಿಫಲ ಹೊಡೆತಗಳಲ್ಲಿಗಿಂತ ಹೆಚ್ಚಿರುವುದೂ ಕಂಡುಬಂದಿತು. ಈ ಸಂಶೋಧಕರು ಅದೇ ಹೆಸರಿನ ವೇಲ್ಸ್‌ನ ಸ್ನೂಕರ್ ಆಟಗಾರರಲ್ಲ.

ಗುರಿಯನ್ನು ಕದಲಿಸುವ ಭೌತಿಕ ಕಾರಣಗಳು

ರೇಖೆಯೂ ಸರಿ, ಕೈಯೂ ಸರಿ ಎಂದಾದ ಮೇಲೂ ಚೆಂಡು ತಪ್ಪುವುದುಂಟು. ಇದಕ್ಕೆ ಮುಖ್ಯವಾಗಿ ಮೂರು ಭೌತಿಕ ಕಾರಣಗಳಿವೆ.

ಮೊದಲನೆಯದು ‘ಥ್ರೋ’. ಎರಡು ಚೆಂಡುಗಳು ತಾಗಿದಾಗ ಅವುಗಳ ಮೈಗಳ ನಡುವೆ ಘರ್ಷಣೆ ಉಂಟಾಗಿ, ಗುರಿಚೆಂಡು ಕೇಂದ್ರರೇಖೆಯಿಂದ ತುಸು ಬಿಳಿ ಚೆಂಡಿನ ಚಲನೆಯ ದಿಕ್ಕಿಗೆ ಎಳೆಯಲ್ಪಡುತ್ತದೆ. ಪರಿಣಾಮವಾಗಿ ಕಟ್ ಕೋನ ಲೆಕ್ಕಕ್ಕಿಂತ ಕಡಿಮೆಯಾಗುತ್ತದೆ. ಬಿಳಿ ಚೆಂಡು ಉರುಳದೆ ಜಾರುತ್ತ ಬಂದು ನಿಧಾನವಾಗಿ ತಾಗುವ ಅರ್ಧ ಚೆಂಡಿನ ಹೊಡೆತಗಳಲ್ಲಿ ಇದು ಎದ್ದುಕಾಣುತ್ತದೆ. ಹೆಚ್ಚೆಂದರೆ ಒಂದು ಅಡಿ ದೂರಕ್ಕೆ ಒಂದು ಅಂಗುಲದಷ್ಟು ವ್ಯತ್ಯಾಸವಾಗಬಹುದು. ವೇಗದ ಹೊಡೆತಗಳಲ್ಲಿ ಕಡಿಮೆ. ಕೊಳೆಯಾದ, ಚಾಕ್ ಪುಡಿ ಅಂಟಿದ ಚೆಂಡುಗಳಲ್ಲಿ ಹೆಚ್ಚು. ಕಲ್ಪಿತ ಚೆಂಡನ್ನು ಕರಾರುವಾಕ್ಕಾಗಿ ಗುರಿಯಿಟ್ಟರೂ ಚೆಂಡು ಪ್ರತಿ ಬಾರಿ ‘ದಪ್ಪ’ವಾಗಿಯೇ ಹೋಗುತ್ತದೆಂದು ದೂರುವವರು ಮೊದಲು ಚೆಂಡುಗಳನ್ನು ಒರೆಸಿ ನೋಡುವುದು ಒಳ್ಳೆಯದು. ಉಳಿದ ವ್ಯತ್ಯಾಸಕ್ಕೆ ಸ್ವಲ್ಪ ತೆಳುವಾಗಿ ಗುರಿ ಹಿಡಿಯಬೇಕು.

ಎರಡನೆಯದು ‘ಸ್ಕ್ವರ್ಟ್’. ಬಿಳಿ ಚೆಂಡಿಗೆ ಪಕ್ಕದ ತಿರುಗಣೆ ಕೊಡಲು ಮಧ್ಯದಿಂದ ಎಡಕ್ಕೆ ಹೊಡೆದರೆ ಚೆಂಡು ಕೋಲಿನ ದಿಕ್ಕಿನಲ್ಲಿ ಹೋಗದೆ ಸ್ವಲ್ಪ ಬಲಕ್ಕೆ ಹೊರಡುತ್ತದೆ. ಬಲಕ್ಕೆ ಹೊಡೆದರೆ ಎಡಕ್ಕೆ. ಕೋಲಿನ ಮುಂತುದಿಯ ತೂಕ ಹೆಚ್ಚಿದ್ದಷ್ಟೂ ಈ ವಿಚಲನೆ ಹೆಚ್ಚು. ಆದ್ದರಿಂದ ಮುಂತುದಿಯನ್ನು ಹಗುರಗೊಳಿಸಿದ ಕೋಲುಗಳು ಇತ್ತೀಚೆಗೆ ಬಳಕೆಗೆ ಬಂದಿವೆ. ಮೂರನೆಯದು ‘ಸ್ವರ್ವ್’. ಕೋಲಿನ ಹಿಂಭಾಗ ತುಸು ಎತ್ತರದಲ್ಲಿದ್ದು ಪಕ್ಕದ ತಿರುಗಣೆಯೂ ಸೇರಿದರೆ ಬಿಳಿ ಚೆಂಡು ಬಟ್ಟೆಯ ಮೇಲೆ ಬಾಗಿದ ಹಾದಿಯಲ್ಲಿ ಸಾಗುತ್ತದೆ. ಎಡಕ್ಕೆ ಹೊಡೆದ ಚೆಂಡು ಮೊದಲು ಬಲಕ್ಕೆ ಹೊರಟು ಬಳಿಕ ಎಡಕ್ಕೆ ಬಾಗುತ್ತದೆ. ಮೇಜಿನ ಅಂಚಿನ ಎತ್ತರದಿಂದಾಗಿ ಕೋಲು ಪೂರ್ತಿ ಸಮತಲವಾಗಿರುವುದು ವಿರಳ. ಹೀಗಾಗಿ ಪಕ್ಕದ ತಿರುಗಣೆಯ ಬಹುತೇಕ ಹೊಡೆತಗಳಲ್ಲಿ ಇದರ ಅಂಶ ಇದ್ದೇ ಇರುತ್ತದೆ.

ಇವಕ್ಕೆಲ್ಲ ಸೇರಿ, ತಿರುಗಣೆಯಿರುವ ಬಿಳಿ ಚೆಂಡು ಗುರಿಚೆಂಡಿನ ದಿಕ್ಕನ್ನೂ ತಿರುಗಿಸಬಲ್ಲದು. ನೇರ ಹೊಡೆತದಲ್ಲಿ ಎಡ ತಿರುಗಣೆ ಕೊಟ್ಟರೆ ಗುರಿಚೆಂಡು ಬಲಕ್ಕೆ ಸರಿಯುತ್ತದೆ. ಕಲಿಯುವವರು ಪಕ್ಕದ ತಿರುಗಣೆಯನ್ನು ಬಹಳ ಬೇಗ ಬಳಸಲು ತೊಡಗುತ್ತಾರೆ, ಏಕೆಂದರೆ ಅದು ನೋಡಲು ಆಕರ್ಷಕ. ಲಂಬರೇಖೆಯ ಮೇಲೆಯೇ ಚೆಂಡಿನ ಮಧ್ಯಕ್ಕೆ, ತುಸು ಮೇಲಕ್ಕೆ ಅಥವಾ ಕೆಳಕ್ಕೆ ಹೊಡೆದು ಆಡಬಹುದಾದ ಸಂದರ್ಭಗಳೇ ಹೆಚ್ಚು. ಗುರಿ ಸ್ಥಿರವಾಗುವವರೆಗೆ ಅಷ್ಟಕ್ಕೇ ನಿಲ್ಲುವುದು ಕ್ಷೇಮ.

ದೋಷ ಪತ್ತೆ ಮತ್ತು ಅಭ್ಯಾಸ

ಓರೆಯಾದ ಹೊಡೆತವುಳ್ಳ ಆಟಗಾರನು ಅದನ್ನರಿಯದೆ ರೇಖೆಯನ್ನು ತಿದ್ದಿಕೊಳ್ಳತೊಡಗಿದರೆ ಒಂದು ತಪ್ಪಿಗೆ ಇನ್ನೊಂದು ತಪ್ಪು ಜೊತೆಯಾಗುತ್ತದೆ. ಕೆಲವು ದಿನ ಎರಡೂ ಪರಸ್ಪರ ಸರಿಹೊಂದಿ ಚೆಂಡುಗಳು ಬೀಳುತ್ತವೆ. ದೂರ ಬದಲಾದಾಗ, ಒತ್ತಡ ಹೆಚ್ಚಿದಾಗ ಅಥವಾ ದೋಷಗಳಲ್ಲಿ ಒಂದು ತಾನಾಗಿ ಸರಿಹೋದಾಗ ಆಟ ಕೆಡುತ್ತದೆ. ವರ್ಷಗಟ್ಟಲೆ ಆಡಿಯೂ ಒಂದೇ ಮಟ್ಟದಲ್ಲಿ ನಿಂತುಹೋಗುವವರಲ್ಲಿ ಈ ಸ್ಥಿತಿ ಸಾಮಾನ್ಯ. ಆದುದರಿಂದ ಅಭ್ಯಾಸದಲ್ಲಿ ಮೊದಲು ಹೊಡೆತವನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು.

ಇದಕ್ಕೆ ಗುರಿಚೆಂಡೇ ಇಲ್ಲದ ಅಭ್ಯಾಸ ಸೂಕ್ತ. ಬಿಳಿ ಚೆಂಡನ್ನು ಮೇಜಿನ ಉದ್ದದ ನಡುಗೆರೆಯ ಮೇಲೆ ಒಂದು ತುದಿಯಲ್ಲಿಟ್ಟು, ಎದುರಿನ ಕುಶನ್ನಿಗೆ ನೇರವಾಗಿ ಹೊಡೆದು, ಕೋಲನ್ನು ಮುಂದೆ ಸಾಗಿದ ಸ್ಥಿತಿಯಲ್ಲೇ ಅಲುಗಿಸದೆ ಹಿಡಿದಿರಬೇಕು. ಹಿಂದಿರುಗಿದ ಚೆಂಡು ಟಿಪ್ಪನ್ನೇ ಬಂದು ಮುಟ್ಟಿದರೆ ಹೊಡೆತ ಸರಿ. ಪಕ್ಕಕ್ಕೆ ಬಂದರೆ ಕೋಲು ಓರೆಯಾಗಿದೆ ಅಥವಾ ಟಿಪ್ ಮಧ್ಯಕ್ಕೆ ತಾಗಿಲ್ಲ. ಎರಡರಲ್ಲಿ ಯಾವುದೆಂದು ತಿಳಿಯಲು ಬಿಳಿ ಚೆಂಡಿನ ಬದಲು ಪಟ್ಟೆಯ ಚೆಂಡನ್ನು, ಅದರ ಪಟ್ಟೆ ಹೊಡೆತದ ದಿಕ್ಕಿನಲ್ಲಿ ನೆಟ್ಟಗೆ ನಿಲ್ಲುವಂತೆ ಇಟ್ಟು ಹೊಡೆಯಬಹುದು. ಪಟ್ಟೆಯು ಬಂಡಿಯ ಚಕ್ರದಂತೆ ನೇರವಾಗಿ ಉರುಳಿದರೆ ಟಿಪ್ ಮಧ್ಯಕ್ಕೆ ತಾಗಿದೆ. ತೂರಾಡಿದರೆ ಪಕ್ಕದ ತಿರುಗಣೆ ಸೇರಿಕೊಂಡಿದೆ. ಮನೆಯಲ್ಲಿ ಮೇಜಿನ ಮೇಲೆ ಖಾಲಿ ಸೀಸೆಯೊಂದನ್ನು ಮಲಗಿಸಿ, ಅದರ ಬಾಯಿಗೆ ತಾಗಿಸದೆ ಕೋಲನ್ನು ಒಳಗೆ ಹೊರಗೆ ಆಡಿಸುವುದೂ ಹಳೆಯ ಅಭ್ಯಾಸವೇ.

ಎರಡನೆಯ ಹಂತ ನೇರ ಹೊಡೆತ. ಬಿಳಿ ಚೆಂಡು, ಗುರಿಚೆಂಡು, ಪಾಕೆಟ್ ಮೂರೂ ಒಂದೇ ಸಾಲಿನಲ್ಲಿರುವಂತೆ ಜೋಡಿಸಿ, ಬಿಳಿ ಚೆಂಡಿನ ಮಧ್ಯಕ್ಕಿಂತ ತುಸು ಕೆಳಗೆ ಹೊಡೆದು, ಡಿಕ್ಕಿಯಾದೊಡನೆ ಅದು ಇದ್ದಲ್ಲೇ ನಿಲ್ಲುವಂತೆ ಮಾಡಬೇಕು. ಇದಕ್ಕೆ ‘ಸ್ಟಾಪ್ ಶಾಟ್’ ಎಂದು ಹೆಸರು. ಗುರಿಚೆಂಡು ಎಡಕ್ಕೆ ತಪ್ಪಿ ಬಿಳಿ ಚೆಂಡು ಬಲಕ್ಕೆ ಸರಿದರೆ, ಬಿಳಿ ಚೆಂಡು ರೇಖೆಯ ಬಲಕ್ಕೆ ಹೋಗಿ ತಾಗಿದೆ ಎಂದರ್ಥ. ಬಿಳಿ ಚೆಂಡು ನಿಂತಲ್ಲೇ ಬುಗುರಿಯಂತೆ ತಿರುಗುತ್ತಿದ್ದರೆ ಟಿಪ್ ಪಕ್ಕಕ್ಕೆ ತಾಗಿದೆ. ಬೀಳುವ ಚೆಂಡುಗಳಿಗಿಂತ ಬಿಳಿ ಚೆಂಡಿನ ಈ ನಡವಳಿಕೆಯೇ ಹೆಚ್ಚು ಕಲಿಸುತ್ತದೆ. ದೂರವನ್ನು ಕ್ರಮೇಣ ಹೆಚ್ಚಿಸಬೇಕು. ಒಂದು ಮೀಟರಿನ ನೇರ ಹೊಡೆತ ಹತ್ತರಲ್ಲಿ ಎಂಟು ಬಾರಿಯಾದರೂ ಬೀಳದಿದ್ದಾಗ ಕಟ್ ಹೊಡೆತಗಳ ರೇಖೆಯ ಬಗ್ಗೆ ತಲೆಕೆಡಿಸಿಕೊಳ್ಳುವುದು ಅಕಾಲಿಕ.

ಕಟ್ ಹೊಡೆತಗಳಿಗೆ ಕಲ್ಪಿತ ಚೆಂಡನ್ನು ಸ್ವಲ್ಪ ಕಾಲ ನಿಜವಾಗಿಸಬಹುದು. ಪಾಕೆಟ್ಟಿನ ರೇಖೆಯಲ್ಲಿ ಗುರಿಚೆಂಡಿಗೆ ತಾಗಿಸಿ ಇನ್ನೊಂದು ಚೆಂಡನ್ನು ಇಟ್ಟು, ಆಟಗಾರನ ಸ್ಥಾನದಿಂದ ಅದನ್ನು ಚೆನ್ನಾಗಿ ನೋಡಿಕೊಂಡು, ಬಳಿಕ ತೆಗೆದು ಹೊಡೆಯಬೇಕು. ಅದರ ಜಾಗದಲ್ಲಿ ಪುಸ್ತಕದ ಹಾಳೆಗಳ ತೂತಿಗೆ ಅಂಟಿಸುವಂಥ ಸಣ್ಣ ಕಾಗದದ ಉಂಗುರವನ್ನು ಇಡುವುದೂ ರೂಢಿಯಲ್ಲಿದೆ; ಉಂಗುರ ಚೆಂಡಿನ ಕೇಂದ್ರದ ನೇರ ಕೆಳಗೆ ಬರಬೇಕು. ಒಂದೇ ಹೊಡೆತವನ್ನು ಅದೇ ಸ್ಥಾನಗಳಿಂದ ಇಪ್ಪತ್ತು ಮೂವತ್ತು ಸಲ ಹೊಡೆದು, ಪ್ರತಿ ಬಾರಿಯೂ ಚೆಂಡು ಪಾಕೆಟ್ಟಿನ ಎಡಕ್ಕೆ ತಪ್ಪಿತೋ ಬಲಕ್ಕೆ ತಪ್ಪಿತೋ ಎಂದು ಬರೆದಿಟ್ಟುಕೊಳ್ಳಬೇಕು. ಎಲ್ಲವೂ ಒಂದೇ ಕಡೆಗೆ ತಪ್ಪಿದ್ದರೆ ರೇಖೆಯ ನಿರ್ಣಯದಲ್ಲಿ ಅಥವಾ ಥ್ರೋ ಲೆಕ್ಕದಲ್ಲಿ ದೋಷವಿದೆಯೆಂದು ಸಾಮಾನ್ಯವಾಗಿ ತಿಳಿಯಬಹುದು. ಎರಡೂ ಕಡೆಗೆ ಹರಡಿದ್ದರೆ ಕೈ ಸ್ಥಿರವಾಗಿಲ್ಲ. ಪುಟದ ಮೇಲಿನ ಗುರುತುಗಳು ತಿಳಿಸುವಷ್ಟು ಸ್ಪಷ್ಟವಾಗಿ ನೆನಪು ತಿಳಿಸಲಾರದು. ಮನುಷ್ಯನಿಗೆ ತನ್ನ ಅದೃಷ್ಟದ ಹೊಡೆತಗಳೇ ಹೆಚ್ಚು ನೆನಪಿರುತ್ತವೆ.

ವಿಧಾನಗಳ ಕುರಿತ ವಿವಾದ

ಚೆಂಡಿನ ಕೇಂದ್ರ ಮತ್ತು ಅಂಚುಗಳನ್ನು ಆಧರಿಸಿ, ಕೋಲನ್ನು ನಿರ್ದಿಷ್ಟ ರೀತಿಯಲ್ಲಿ ತಿರುಗಿಸಿ ಯಾವುದೇ ಹೊಡೆತದ ರೇಖೆಯನ್ನು ಪಡೆಯಬಹುದೆಂದು ಹೇಳುವ ಕೆಲವು ಪದ್ಧತಿಗಳು ಅಮೆರಿಕದಲ್ಲಿ ಪ್ರಚಲಿತವಾಗಿವೆ. ‘ಸೆಂಟರ್ ಟು ಎಡ್ಜ್’ ಎಂಬುದು ಅವುಗಳಲ್ಲಿ ಹೆಸರಾದುದು. ಕೆಲವೇ ಸ್ಥಿರ ಗುರುತುಗಳಿಂದ ಅಸಂಖ್ಯಾತ ಕೋನಗಳನ್ನು ಪಡೆಯುವುದು ರೇಖಾಗಣಿತದ ಪ್ರಕಾರ ಸಾಧ್ಯವಿಲ್ಲವೆಂದೂ, ಆಟಗಾರನು ಅರಿವಿಲ್ಲದೆಯೇ ಕೊನೆಯ ತಿದ್ದುಪಡಿಯನ್ನು ಮಾಡಿಕೊಳ್ಳುತ್ತಾನೆಂದೂ ವಿಮರ್ಶಕರ ವಾದ. ಇವುಗಳಿಂದ ತಮ್ಮ ಆಟ ಸುಧಾರಿಸಿದೆಯೆಂದು ಹೇಳುವ ಆಟಗಾರರೂ ಇದ್ದಾರೆ. ಎರಡು ಮಾತುಗಳಲ್ಲಿಯೂ ಸತ್ಯವಿರಬಹುದು: ಪ್ರತಿ ಹೊಡೆತಕ್ಕೂ ಒಂದೇ ಕ್ರಮದಲ್ಲಿ ನಿಂತು, ನೋಡಿ, ಬಾಗುವ ಶಿಸ್ತನ್ನು ಯಾವ ಪದ್ಧತಿ ಕಲಿಸಿದರೂ ಅದರಿಂದ ಲಾಭವೇ. ಬಹುಕಾಲ ಆಡಿದವರಲ್ಲಿ ಅನೇಕರು ಯಾವ ಪದ್ಧತಿಯನ್ನೂ ಹೆಸರಿಸದೆ, ರೇಖೆ ಕಾಣುತ್ತದೆ ಎಂದಷ್ಟೇ ಹೇಳುತ್ತಾರೆ.

ಹಿನ್ನೆಲೆ

ನಿಖರವಾದ ಗುರಿಯ ಇತಿಹಾಸವು ಸಲಕರಣೆಗಳ ಇತಿಹಾಸವೂ ಹೌದು. ಕೋಲಿಗೆ ಚರ್ಮದ ಟಿಪ್ ಅಳವಡಿಸಿದ ಶ್ರೇಯಸ್ಸು 19ನೆಯ ಶತಮಾನದ ಆರಂಭದ ಫ್ರೆಂಚ್ ಸೇನಾಧಿಕಾರಿ ಫ್ರಾಂಸ್ವಾ ಮಿಂಗೋ ಅವರಿಗೆ ಸಲ್ಲುತ್ತದೆ. ಫ್ರಾನ್ಸಿನ ಗಣಿತಜ್ಞ ಕೊರಿಯೊಲಿಸ್ 1835ರಲ್ಲಿ ಬಿಲಿಯರ್ಡ್ಸ್ ಚೆಂಡುಗಳ ಚಲನೆಯ ಗಣಿತವನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದರು; ತಿರುಗಣೆಯುಳ್ಳ ಚೆಂಡು ಜಾರುತ್ತಿರುವವರೆಗೆ ಪರವಲಯದ ಆಕಾರದಲ್ಲಿ ಸಾಗುತ್ತದೆಂದು ಅದರಲ್ಲಿ ತೋರಿಸಿದರು. ಭೂಮಿಯ ಭ್ರಮಣಕ್ಕೆ ಸಂಬಂಧಿಸಿದ ಕೊರಿಯೊಲಿಸ್ ಪರಿಣಾಮ ಇವರ ಹೆಸರಿನದೇ. ಇಂದು ಬಳಕೆಯಲ್ಲಿರುವ ಬಗೆಯ ಚಾಕ್‌ಗೆ ಅಮೆರಿಕದ ವಿಲಿಯಂ ಸ್ಪಿಂಕ್ಸ್ ಮತ್ತು ವಿಲಿಯಂ ಹಾಸ್ಕಿನ್ಸ್ 1897ರಲ್ಲಿ ಪೇಟೆಂಟ್ ಪಡೆದರು.

ಭಾರತದಲ್ಲಿ ಪೂಲ್‌ಗಿಂತ ಮೊದಲು ನೆಲೆಯೂರಿದ್ದು ಬಿಲಿಯರ್ಡ್ಸ್ ಮತ್ತು ಸ್ನೂಕರ್. ಸ್ನೂಕರ್ 1875ರಲ್ಲಿ ಜಬಲ್ಪುರದ ಬ್ರಿಟಿಷ್ ಸೇನಾಧಿಕಾರಿಗಳ ನಡುವೆ ಹುಟ್ಟಿತೆಂದು ಪರಿಗಣಿಸಲಾಗಿದೆ. ಭಾಗಾಂಶಗಳ ಭಾಷೆ, ವಿಶೇಷವಾಗಿ ಅರ್ಧ ಚೆಂಡಿನ ಹೊಡೆತ, ಬಿಲಿಯರ್ಡ್ಸ್ ಆಟಗಾರರಲ್ಲಿ ಬಹಳ ಹಿಂದಿನಿಂದ ರೂಢಿಯಲ್ಲಿದೆ. ಬೆಂಗಳೂರಿನಲ್ಲಿ ಅರವಿಂದ್ ಸವೂರ್ ಅವರ ಬಳಿ ತರಬೇತಿ ಪಡೆದ ಪಂಕಜ್ ಅಡ್ವಾಣಿ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಎರಡರಲ್ಲಿಯೂ ವಿಶ್ವ ಪ್ರಶಸ್ತಿಗಳನ್ನು ಗೆದ್ದಿದ್ದಾರೆ. ಸ್ನೂಕರ್ ಮೇಜು 12 ಅಡಿ ಉದ್ದವಿದ್ದು ಚೆಂಡುಗಳು 52.5 ಮಿ.ಮೀ. ವ್ಯಾಸದವು, ಪಾಕೆಟ್ಟುಗಳೂ ಕಿರಿದು. ಅಲ್ಲಿ ಪಳಗಿದ ಕಣ್ಣಿಗೆ ಪೂಲ್ ಮೇಜಿನ ಗುರಿಗಳು ಸುಲಭವೆನಿಸುತ್ತವೆ.

ಕೇರಂನೊಂದಿಗೆ ಹೋಲಿಕೆ

ಕನ್ನಡನಾಡಿನ ಮನೆಗಳಲ್ಲಿ ಬಹುಪರಿಚಿತವಾದ ಕೇರಂ ಆಟದಲ್ಲಿಯೂ ಕಲ್ಪಿತ ಚೆಂಡಿನ ತತ್ತ್ವವೇ ನಡೆಯುತ್ತದೆ. ಕಾಯಿಯ ಹಿಂದೆ ಕಲ್ಪಿತ ಸ್ಟ್ರೈಕರ್ ಒಂದನ್ನು ಇಟ್ಟುಕೊಂಡು ಗುರಿ ಹಿಡಿಯಬಹುದು. ಆದರೆ ಸ್ಟ್ರೈಕರ್ ಕಾಯಿಗಿಂತ ದೊಡ್ಡದಾದ್ದರಿಂದ ಪೂಲ್‌ನ ಕೋನಗಳು ಇಲ್ಲಿಗೆ ಹೊಂದುವುದಿಲ್ಲ. ಸ್ಟ್ರೈಕರಿನ ವ್ಯಾಸ 4.13 ಸೆಂ.ಮೀ., ಕಾಯಿಯದು 3.18 ಸೆಂ.ಮೀ. ಎಂದಿಟ್ಟುಕೊಂಡರೆ, ಸ್ಟ್ರೈಕರಿನ ಕೇಂದ್ರವನ್ನು ಕಾಯಿಯ ಅಂಚಿಗೆ ಗುರಿಯಿಟ್ಟಾಗ ಕಾಯಿ 30 ಡಿಗ್ರಿಗೆ ಬದಲಾಗಿ ಸುಮಾರು 26 ಡಿಗ್ರಿಗಳಷ್ಟು ತಿರುಗುತ್ತದೆ. ಕೇರಂನಲ್ಲಿ ಪಳಗಿದವರು ಪೂಲ್ ಮೇಜಿಗೆ ಬಂದಾಗ ಮೊದಮೊದಲು ಚೆಂಡುಗಳನ್ನು ಅಗತ್ಯಕ್ಕಿಂತ ತೆಳುವಾಗಿ ಹೊಡೆಯಲು ಇದೂ ಒಂದು ಕಾರಣವಾಗಬಹುದು.